ಹೊಸ್ತಿಲಾಚೆ ಹೊಗಳಿಕೋ

“ಒಂದೀಟು ಬರ್ತೈತಿ ಅಂದ್ಯಾ? ಅವರ ಮುಂದೂ ಹಂಗೇ ಅಂದ್ಯಾ?” ಅಂತ ಸಮತಾ ಕೇಳಿದಳು.

ಸಂಗೀತಾ ಹೂಂ ಅಂದಳು. ಚಿಗಟೇರಿ ಬಸ್ ನಿಲ್ದಾಣದ ಕಟ್ಟೆ ಮೇಲೆ ಇಬ್ಬರೂ ಕೂತಿದ್ದರು. ಸಂಗೀತಾ ದಾವಣಗೆರೆಯಿಂದ ಆಗಷ್ಟೇ ಇಳಿದಿದ್ದಳು. ಅಲ್ಲಿನ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಟ್ಯಾಲಿ ಬರ್ತದೇನಮ್ಮ ಅಂತ ಮಾಲೀಕರು ಕೇಳಿದ್ದಕ್ಕೆ ಇವಳು ಏನೋ ಒಂದೀಟು ಬರ್ತೈತ್ರಿ ಅಂದಿದ್ದಾಳೆ. ಬಿ.ಕಾಂ.ನಲ್ಲಿ ಎಷ್ಟು ಬಂತು ಅಂದರೆ ಹೆಂಗೋ ಪಾಸಾಗೇನ್ರಿ. ಪೂರ್ತಿ ಬಲ್ಲವರನ್ನೇ ನೋಡ್ತೀವಿ ತಾಯಿ ಅಂತ ಅವರು ಕೈಮುಗಿದು ಕಳಿಸಿದ್ದಾರೆ. ಹೋದ ತಿಂಗಳು ಹಡಗಲಿಯ ಬೀಜದ ಅಂಗಡಿಯಲ್ಲೂ ಕಥೆ ಇಷ್ಟೇ ಆಗಿತ್ತು.

ಸಮತಾಗೆ ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಲೆಕ್ಕದಾಗ ಎಲ್ಲರಿಗಿಂತ ಮುಂದಿದ್ದೋಳು ನೀನು, ಕಂಪ್ಯೂಟರ್ ಕ್ಲಾಸಿನ ಸರ್ ರಜೆ ಹಾಕಿದರೆ ಟ್ಯಾಲಿ ಹೇಳಿಕೊಟ್ಟೋಳು ನೀನು, ಹೆಂಗೋ ಪಾಸಾಗೇನಿ ಅನ್ನೋಕೆ ನಾಲಿಗೆ ಆದರೂ ಹೆಂಗೆ ಹೊರಳಿತು ಅಂತ ಬೈದಳು. ಸಂಗೀತಾ ಮುಖ ಸಣ್ಣ ಮಾಡಿಕೊಂಡಳು. ನಾಲಿಗೆ ತಾನಾಗೇ ಹೊರಳಿತ್ತು, ಅವಳೇನೂ ಬೇಕಂತ ಹೊರಳಿಸಿದ್ದಲ್ಲ.

ಈ ನಾಲಿಗೆಯ ಹಿಂದೆ ಕುರಿ ಅದಾವೆ. ಸಂಗೀತಾಳ ಮನೆಯವರು ತಲೆತಲಾಂತರದಿಂದ ಕುರಿ ಸಾಕಿದವರು. ಕುರಿ ಸಾಕಿದವರ ಮನೆಯಲ್ಲಿ ಒಂದು ಕಟ್ಟುಪಾಡು: ಇದ್ದದ್ದನ್ನು ಇದ್ದಷ್ಟು ಹೇಳಬಾರದು, ದೃಷ್ಟಿಯಾಗ್ತೈತಿ. ಕುರಿ ಎಷ್ಟು ಅದಾವ ಅಂದರೆ ಅದಾವ ನಾಕು ಅನ್ನಬೇಕು. ಆಕಳು ಹಾಲು ಎಷ್ಟು ಕೊಡ್ತೈತಿ ಅಂದರೆ ಚಾಕ್ಕೆ ಆಗ್ತೈತಿ ಅನ್ನಬೇಕು. ಗುಂಡಗುಂಡಗಿರೋ ಕೂಸನ್ನು ಎತ್ತಿಕೊಂಡು, ಯವ್ವಾ ಎಷ್ಟು ಸೊರಗೈತಿ ಅಂತ ಮರುಗಬೇಕು. ಒಂದು ಸಲ ಪಶು ಆಸ್ಪತ್ರೆಯವರು ಲಸಿಕೆ ಹಾಕೋಕೆ ಬರುವ ಮುಂಚೆ ಎಷ್ಟು ತರಬೇಕು ಅಂತ ಕೇಳಿದ್ದರು. ಸಂಗೀತಾಳ ಅಜ್ಜಿ ತಿಪ್ಪೇರುದ್ರಮ್ಮ ಅದಾವ ನಾಕು ಅಂದಳು. ಅವರು ಪಾಪ ಸಣ್ಣ ಡಬ್ಬಿ ಹಿಡಿದು ಬಂದರು. ಹಟ್ಟಿ ಬಾಗಿಲು ತೆಗೆದರೆ ಕುರಿ ಬಂದವು, ಬಂದವು, ಬರ್ತಾನೇ ಇದ್ದವು. ಆ ಮನುಷ್ಯ ಡಬ್ಬಿ ಮುಚ್ಚಿ ಕಲ್ಲಿನ ಮೇಲೆ ಕೂತುಬಿಟ್ಟರು. ತಿಪ್ಪೇರುದ್ರಮ್ಮ ಮಾತ್ರ ಮಜ್ಜಿಗಿ ಕೊಟ್ಟು, ನಾಳಿ ಮತ್ತೊಂದೀಟು ತರ್ರಿ ಅಂದಳಂತೆ.

ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ, ನಿನ್ನ ಬಗ್ಗೆ ಹೇಳು ಅಂದರೆ ಏನು ಹೇಳೀತು?

ಸಮತಾಳ ಮನೆ ಬೇರೆ ಥರ. ಅವಳ ಅಪ್ಪ ಭೀಮರಾಜ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವನು. ಭಾನುವಾರ ಬಂತೆಂದರೆ ಬುದ್ಧರ, ಬಾಬಾಸಾಹೇಬರ ಫೋಟೋ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಈ ವಾರ ಏನು ಕಲಿತಿರಿ ಹೇಳ್ರಿ ಅಂತಿದ್ದ. ಅಡುಗೆಮನೆಯಲ್ಲಿರೋ ಅವ್ವನಿಗೆ ಕೇಳದಿದ್ದರೆ ಮತ್ತೆ ಮೊದಲಿಂದ. ಹಂಗಾಗಿ ಸಮತಾಳ ಗಂಟಲು ಗಟ್ಟಿ. ಈಗ ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ರಿಸೆಪ್ಷನ್‌ನಲ್ಲಿ ಕೂತು, ಟೋಕನ್ ಹಿಡಿದವರನ್ನು ಮೈಕಿಲ್ಲದೆ ಕರೀತಾಳೆ. ರಸ್ತೆ ಆಚೆ ಚಹಾ ಕುಡೀತಿರೋ ರೋಗಿನೂ ಎದ್ದು ಬರ್ತಾನೆ.

“ಇನ್ನೊಂದು ಅವಕಾಶ ಐತಿ,” ಅಂದಳು ಸಂಗೀತಾ. “ಗುಡ್ಡದ ಮ್ಯಾಲ ಕರೆಂಟ್ ಮಾಡೋ ಗಾಳಿ ಫ್ಯಾನಿನ ಕಂಪನಿ. ಹರಪನಹಳ್ಳ್ಯಾಗ ಆಫೀಸು. ಅದೂ ಹೋದ್ರ ನಾನು ಕುರಿ ಹಿಂದ ಹೋಗೋದೇ.”

ಅದು ತಮಾಷೆಯ ಮಾತಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅವಳಪ್ಪ ಯರ್ರಿಸ್ವಾಮಿ ಕುರಿ ಹೊಡೆದುಕೊಂಡು ಹೊಳೆ ಸೀಮೆ ಕಡೆ ಹೋಗುತ್ತಾನೆ. ಅವರಿವರ ಹೊಲದಲ್ಲಿ ಗೊಬ್ಬರಕ್ಕಂತ ಕುರಿ ನಿಲ್ಲಿಸಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಮಳೆ ಹೊತ್ತಿಗೆ ಊರಿಗೆ ವಾಪಸ್. ಜೊತೆಗೆ ಹೋಗಿ ರೊಟ್ಟಿ ಬಡೀತಿದ್ದ ಅವ್ವನ ಮೊಣಕಾಲು ಈ ವರ್ಷ ಕೈಕೊಟ್ಟಿತ್ತು. ಕೆಲಸ ಸಿಕ್ಕರೆ ಸರಿ, ಇಲ್ಲಂದ್ರ ನೀನೇ ಬರಬೇಕು ಅಂತ ಯರ್ರಿಸ್ವಾಮಿ ಮೆತ್ತಗೆ ಹೇಳಿದ್ದ. ಮೆತ್ತಗೆ ಹೇಳಿದ್ದಕ್ಕೇ ಅವಳಿಗೆ ಇಲ್ಲ ಅನ್ನೋಕಾಗಿರಲಿಲ್ಲ. ಆದರೆ ಅವಳಿಗೆ ಕಲಿತದ್ದನ್ನು ಬಳಸೋ ಆಸೆ. ತಾನು ಹಾಕಿದ ಲೆಕ್ಕ ಸರಿಹೊಂದಿದಾಗ ಅವಳಿಗೆ ಸಿಗೋ ಖುಷಿ, ಬೇರೆಯವರಿಗೆ ಹಬ್ಬದೂಟದಲ್ಲಿ ಸಿಗ್ತದೋ ಇಲ್ಲವೋ.

ಸಮತಾ ಅವತ್ತೇ ತರಬೇತಿ ಶುರು ಮಾಡಿದಳು. ಮೊದಲು ಕನ್ನಡಿ. ಅದರ ಮುಂದೆ ನಿಂತು, ನಾನು ಚಲೋ ಲೆಕ್ಕ ಬರೀತೀನಿ ಅಂತ ಗಟ್ಟಿಯಾಗಿ ಹೇಳು ಅಂದಳು. ಸಂಗೀತಾ ಕನ್ನಡಿಗೆ, ನಾನು ಚಲೋ ಬರೀತೀನಿ, ಅಂದ್ರ ಅಂಥಾ ಚಲೋ ಏನಲ್ಲ, ಅಂದಳು. ಕನ್ನಡಿಯಲ್ಲಿದ್ದೋಳೂ ನಾಚಿಕೊಂಡಳು. ಹತ್ತಾರು ಸಲ ಹೇಳಿಸಿದ ಮೇಲೆ ಒಂದು ಸಲ ಪೂರ್ತಿ ವಾಕ್ಯ ಗಟ್ಟಿಯಾಗಿ ಬಂತು. ಬಂತು ಅನ್ನುವಷ್ಟರಲ್ಲಿ ಪಡಸಾಲೆಯಲ್ಲಿ ಉಣ್ಣೆ ನೂಲುತ್ತಿದ್ದ ತಿಪ್ಪೇರುದ್ರಮ್ಮ ಎದ್ದು ಬಂದಳು. ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಮೊಮ್ಮಗಳಿಗೆ ನಿವಾಳಿಸಿದಳು, ಇರಲಿ ಅಂತ ಕನ್ನಡಿಗೂ ನಿವಾಳಿಸಿದಳು, ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮುತ್ತಾ ಬೀದಿಗೆ ಬಂದರು. ಸಮತಾ ಕಣ್ಣೊರೆಸಿಕೊಂಡು, ಇವತ್ತಿಗೆ ಇಷ್ಟು ಸಾಕು ಅಂದಳು.

ಆಮೇಲೆ ಸಮತಾಗೆ ಬೇರೆ ದಾರಿ ಕಂಡದ್ದು ಕೊಟ್ಟೂರಿನ ಕುರಿ ಸಂತೆಯಲ್ಲಿ. ಅವಳು ಅಲ್ಲಿ ಚಿಕ್ಕಮ್ಮನ ಮನೆಗೆ ಹೋದವಳು, ಸಂಗೀತಾ ಬಂದಾಳ ಅಂತ ತಿಳಿದು ಹುಡುಕಿಕೊಂಡು ಬಂದಳು. ಯರ್ರಿಸ್ವಾಮಿ ಟಗರನ್ನು ಮಗಳ ಕೈಗೆ ಕೊಟ್ಟು ಪರಿಚಯದವರ ಜೊತೆ ಎಲೆ ಅಡಿಕೆಗೆ ಹೋಗಿದ್ದ. ಕೂಡ್ಲಿಗಿ ಕಡೆಯ ವ್ಯಾಪಾರಿಯೊಬ್ಬ ಬಂದು ಟಗರನ್ನು ಮೇಲಿಂದ ಕೆಳಗೆ ನೋಡಿ, ಮೇವು ಕಂಡಿಲ್ಲೇನು ತಂಗಿ ಇದು, ಅಂದ.

“ಕಣ್ಣಾಗ ನೋಡಬ್ಯಾಡ್ರಿ ಅಣ್ಣ, ಬೆನ್ನ ಮ್ಯಾಲ ಕೈ ಇಡ್ರಿ,” ಅಂದಳು ಸಂಗೀತಾ. “ಎಲುಬು ಸಿಕ್ತೇನು? ಹಲ್ಲು ನೋಡ್ರಿ, ನಾನೇ ಬಾಯಿ ತೆಗೀತೀನಿ. ಇದರ ಅಪ್ಪನೂ ನಮ್ಮದೇ, ಅವ್ವನೂ ನಮ್ಮದೇ. ರಾತ್ರಿ ಮಳಿ ಬಂದ್ರ ಮೊದಲು ಎದ್ದು ನಿಲ್ಲೋದು ಇದು, ಉಳಿದವೆಲ್ಲ ಇದನ್ನ ನೋಡಿ ಏಳ್ತಾವ. ಇಂಥದ್ದು ಈ ಸಂತ್ಯಾಗ ಮತ್ತೊಂದು ತೋರಿಸ್ರಿ, ನಾನು ಇದನ್ನ ಹೊಡ್ಕೊಂಡು ಮನಿಗೆ ಹೋಗ್ತೀನಿ.”

ದನಿ ಏರಿತ್ತು, ತಲೆ ಎದ್ದಿತ್ತು, ಸುತ್ತ ನಾಕು ಜನ ಸೇರಿದ್ದರು. ವ್ಯಾಪಾರಿ ಹಲ್ಲು ನೋಡಿದ, ಬೆನ್ನು ಹಿಡಿದ, ಕಡೆಗೆ ಯರ್ರಿಸ್ವಾಮಿ ಬಂದಮೇಲೆ ಟಗರನ್ನು ಕೊಂಡುಕೊಂಡೇ ಹೋದ. ಸಮತಾ ಸೌತೆಕಾಯಿ ತಿನ್ನೋದು ಬಿಟ್ಟು ನಿಂತಿದ್ದಳು. ಲೇ, ಇಷ್ಟು ದಿನ ಈ ಬಾಯಿನ ಎಲ್ಲಿಟ್ಟಿದ್ದಿ ಅಂತ ಕೇಳಿದಳು. ಸಂಗೀತಾಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಟಗರು ಮಾರೋಕೆ ತಂದದ್ದು, ಮಾರೋದನ್ನ ಹೊಗಳದೆ ಬೈತಾರೇನು ಅಂದಳು.

ಸಮತಾ ಸಂಜೆಗೆ ಸೀದಾ ತಿಪ್ಪೇರುದ್ರಮ್ಮನ ಮುಂದೆ ಬಂದು ಕೂತಳು. ಸಂತೆಯಲ್ಲಿ ಹೊಗಳಿದ ಟಗರಿಗೆ ದೃಷ್ಟಿಯಾಗಲ್ವಾ ಅಂತ ಕೇಳಿದಳು. ಮನಿ ಬಿಟ್ಟು ಹೋಗೋದಕ್ಕೆ ಎಂಥ ದೃಷ್ಟಿ, ಇಟ್ಟುಕೊಳ್ಳೋದಕ್ಕೆ ಮಾತ್ರ ದೃಷ್ಟಿ, ಅಂದಳು ಮುದುಕಿ. ಹಂಗಾರೆ ಸಂಗೀತಾನೇ ಟಗರು ಅಂತ ತಿಳಿ, ಇಂಟರ್‌ವ್ಯೂ ಅಂದ್ರ ಸಂತಿ, ಅಂದಳು ಸಮತಾ. ನೂಲುತ್ತಿದ್ದ ತಿಪ್ಪೇರುದ್ರಮ್ಮನ ಕೈ ನಿಂತಿತು.

“ನಮ್ಮ ಹುಡುಗಿನ ಮಾರು ಅಂತೀಯೇನ ನೀನು?”

“ಮಾರೋದಲ್ಲ ಅಜ್ಜಿ. ಬೆಳಿಗ್ಗಿ ಕೊಡ್ತೀವಿ, ಸಂಜಿಗೆ ವಾಪಸ್ ತಗಂತೀವಿ.”

ಮುದುಕಿ ಬಹಳ ಹೊತ್ತು ಯೋಚನೆ ಮಾಡಿದಳು. ಇಂಥ ವ್ಯಾಪಾರ ಅವಳು ಕಂಡಿರಲಿಲ್ಲ. ಕಡೆಗೆ ತೀರ್ಪು ಕೊಟ್ಟಳು: ಹೊಸ್ತಿಲಾಚೆ ಎಷ್ಟು ಬೇಕಾದ್ರೂ ಹೊಗಳಿಕೋ, ಒಳಗ ಮಾತ್ರ ಬ್ಯಾಡ. ಅಷ್ಟೇ ಅಲ್ಲ, ಕೊಳ್ಳೋಳು ನಾನಾಗ್ತೀನಿ ಅಂತ ತಾನೇ ಎದ್ದು ಬಂದು ಅಂಗಳದ ಕಲ್ಲಿನ ಮೇಲೆ ಕೂತಳು.

ಸಮತಾ ರಿಸೆಪ್ಷನ್ ಕೆಲಸಕ್ಕೆ ಸೇರುವಾಗ ಅವಳ ಇಂಟರ್‌ವ್ಯೂ ಮಾಡಿದವರು ನಯವಾಗಿ ಮಾತಾಡಿದ್ದರಂತೆ. ತಿಪ್ಪೇರುದ್ರಮ್ಮನ ಹತ್ತಿರ ನಯ ಗಿಯ ಇಲ್ಲ. ಮೊಮ್ಮಗಳ ಸುತ್ತ ಒಂದು ಸುತ್ತು ಬಂದು, ತಲಿ ಕೆಳಗ ಹಾಕೈತಿ, ಕಣ್ಣು ನೆಲದ ಮ್ಯಾಲ ಐತಿ, ರೋಗ ಬಂದದ್ದು ಹಿಂಗೇ ನಿಲ್ತೈತಿ, ಬ್ಯಾಡ ಹೊಡ್ಕೊಂಡು ಹೋಗ್ರಿ ಅಂದಳು. ಸಂಗೀತಾ ತಲೆ ಎತ್ತಿದಳು. ದನಿ ಇಲ್ಲ, ಎರಡು ಅಂಗಡಿಯವರು ವಾಪಸ್ ಕಳಿಸ್ಯಾರ, ಅಂಥಾದ್ದು ನಮಗ್ಯಾಕ ಅಂದಳು ಮುದುಕಿ. ಆಗ ಸಂಗೀತಾಗೆ ಸಿಟ್ಟು ಬಂತು. ವಾಪಸ್ ಕಳಿಸಿದೋರಿಗೆ ಗೊತ್ತಾಗಿಲ್ಲ ಅಷ್ಟೇ, ಅಂತ ಶುರು ಮಾಡಿದವಳು ಬಿ.ಕಾಂ. ಅಂಕ, ಟ್ಯಾಲಿ, ಜಿ.ಎಸ್.ಟಿ., ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಎಲ್ಲ ಒಂದೇ ಉಸಿರಿಗೆ ಹೇಳಿದಳು. ತಿಪ್ಪೇರುದ್ರಮ್ಮನಿಗೆ ಒಂದೂ ತಿಳಿಯಲಿಲ್ಲ. ಆದರೂ, ಈಗ ನೋಡಬೌದು, ಅಂದಳು. ಇಂಟರ್‌ವ್ಯೂ ದಿನದ ತನಕ ಹೀಗೇ ನಡೆಯಿತು. ದಿನಕ್ಕೊಂದು ಹೊಸ ಕುಂದು ಹುಡುಕಿ ಇಡೋದು ಮುದುಕಿಯ ಕೆಲಸ, ಅದನ್ನು ಕಿತ್ತೆಸೆಯೋದು ಮೊಮ್ಮಗಳ ಕೆಲಸ. ಓಣಿಯವರು ಚಾಪೆ ತಂದು ಕೂತು ಕೇಳತೊಡಗಿದರು.

ಹರಪನಹಳ್ಳಿಯ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡೋಕೆ ಇಬ್ಬರು ಕೂತಿದ್ದರು. ಒಬ್ಬರು ಮೈಸೂರಿನಿಂದ ಬಂದಿದ್ದ ಮೇಡಂ. ಇನ್ನೊಬ್ಬರು ಲೆಕ್ಕದ ವಿಭಾಗದ ಹಿರಿಯರು, ನಾಗಲಿಂಗಮ್ಮ, ಇದೇ ಸೀಮೆಯ ಹೊಳಲಿನವರು. ನಿಮ್ಮ ಬಗ್ಗೆ ಹೇಳಿ ಅಂದರು ಮೇಡಂ. ಸಂಗೀತಾಳ ಬಾಯಿಗೆ ‘ಏನೋ’ ಅಂತ ಬಂದೇಬಿಟ್ಟಿತು. ಅಲ್ಲೇ ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು, ನೆಟ್ಟಗೆ ಕೂತು ಮೊದಲಿಂದ ಶುರು ಮಾಡಿದಳು. ಟ್ಯಾಲಿ ಬರ್ತದಾ ಅಂದರು. ಬರ್ತೈತ್ರಿ, ಬೇರೆಯವರಿಗೆ ಕಲಿಸಿದ್ದೂ ಐತ್ರಿ ಅಂದಳು. ನಾಗಲಿಂಗಮ್ಮ ಒಂದು ತಪ್ಪು ಲೆಕ್ಕ ಕೊಟ್ಟರೆ, ತಪ್ಪು ಎಲ್ಲೈತಿ ಅಂತ ಬೆರಳಿಟ್ಟು ತೋರಿಸಿದಳು. ನಿಮ್ಮಲ್ಲಿರೋ ಕುಂದೇನು ಅಂತ ಮೇಡಂ ಕೇಳಿದಾಗ, ಅವಳು ತಲೆ ಎತ್ತಿಯೇ ಹೇಳಿದಳು.

“ಇದ್ದದ್ದನ್ನ ಕಡಿಮಿ ಹೇಳೋದ್ರಿ. ಅದಕ್ಕೇ ಎರಡು ಕೆಲಸ ಕಳಕಂಡೀನಿ. ಲೆಕ್ಕದಾಗ ಮಾತ್ರ ಹಂಗ ಮಾಡಲ್ರಿ.”

ಮೇಡಂ ನಕ್ಕರು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅವರು, ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ ಅಂತ ಕೇಳಿದರು.

ಈಗ ಸಂತೆಯ ಒಂದು ಪದ್ಧತಿ ಹೇಳಬೇಕು. ಕುರಿ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳೋದಿಲ್ಲ. ಕೊಡೋರು, ಕೊಳ್ಳೋರು ಟವಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು, ಒತ್ತಿ, ಕೊಡವಿ, ಅಲ್ಲೇ ಮುಗಿಸುತ್ತಾರೆ. ನೋಡೋರಿಗೆ ಟವಲು ಅಲ್ಲಾಡೋದಷ್ಟೇ ಕಾಣೋದು. ಸಂಗೀತಾ ಅಷ್ಟು ದಿನ ಟಗರಾಗಿ ಟಗರಾಗಿ, ದರದ ಮಾತು ಬಂದದ್ದೇ ತಡ, ಅವಳ ಕೈ ತಾನಾಗೇ ವೇಲಿನ ಕೆಳಗೆ ಹೋಯಿತು. ಹೋಗಿ, ವೇಲಿನ ಸಮೇತ ಮೇಜಿನ ಮೇಲೆ ಮುಂದಕ್ಕೆ ಚಾಚಿಕೊಂಡಿತು.

ಮೇಡಂ ಆ ಮುಚ್ಚಿದ ಕೈಯನ್ನು ನೋಡಿ, ಗಾಯ ಏನಾದ್ರೂ ಆಗಿದೆಯಾ ಅಂತ ಗಾಬರಿಯಾದರು. ಸಂಗೀತಾಗೆ ಆಗ ಎಚ್ಚರವಾಯಿತು. ಕೈ ಹಿಂದಕ್ಕೆ ತಗೊಂಡರೆ ಏನು ಹೇಳೋದು, ಚಾಚಿದ್ದರೆ ಏನು ಹೇಳೋದು, ತಿಳಿಯಲಿಲ್ಲ. ಹೋಯ್ತು ಈ ಕೆಲಸಾನೂ, ಹೊಳೆ ಸೀಮೆಯ ಹೊಲದಲ್ಲಿ ಒಲೆ ಮುಂದೆ ಕೂತ ಹಾಗೇ ಆಯಿತು ಅವಳಿಗೆ.

ನಾಗಲಿಂಗಮ್ಮ ಮಾತ್ರ ಕನ್ನಡಕ ತೆಗೆದಿಟ್ಟರು. “ಮೇಡಂ, ನೀವೊಂದೀಟು ತಡೀರಿ,” ಅಂತ ಸೆರಗು ಸರಿಮಾಡಿಕೊಂಡು ವೇಲಿನ ಕೆಳಗೆ ಕೈ ಹಾಕಿದರು.

ನಾಗಲಿಂಗಮ್ಮ ಬೆರಳು ಹಿಡಿದರು. ಸಂಗೀತಾ ಕೊಡವಿದಳು. ಇನ್ನೊಂದು ಬೆರಳು ಸೇರಿಸಿದರು. ಸಂಗೀತಾ ಅರೆಕ್ಷಣ ಯೋಚಿಸಿ, ಅದನ್ನೂ ಕೊಡವಿದಳು. ನಾಗಲಿಂಗಮ್ಮ ಹುಬ್ಬೇರಿಸಿದರು, ಪರವಾಗಿಲ್ಲ ಹುಡುಗಿ ಅನ್ನೋ ಥರ. ಮತ್ತೆ ಹಿಡಿದರು, ಅರ್ಧ ಬೆರಳು ಮಡಿಸಿದರು. ಈ ಸಲ ಸಂಗೀತಾ ಬಿಡಲಿಲ್ಲ, ಗಟ್ಟಿಯಾಗಿ ಒತ್ತಿದಳು. ವೇಲು ಅಲ್ಲಾಡೋದು ನಿಂತಿತು.

“ಎಷ್ಟಾಯ್ತು?” ಅಂದರು ಮೇಡಂ.

“ಬಾಯಿಬಿಟ್ಟು ಹೇಳಂಗಿಲ್ರಿ ಮೇಡಂ. ಆಮೇಲೆ ಬರೆದು ಕೊಡ್ತೀನಿ,” ಅಂದರು ನಾಗಲಿಂಗಮ್ಮ. ಸಂಗೀತಾ ಕಡೆ ತಿರುಗಿ, ಸೋಮವಾರದಿಂದ ಬಾ, ಊಟದ ಡಬ್ಬಿ ತಗೊಂಡು ಬಾ, ಇಲ್ಲಿ ಹೋಟೆಲ್ ದೂರ, ಅಂದರು.

ಸುದ್ದಿ ಬಸ್ಸಿಗಿಂತ ಮುಂಚೆ ಊರು ಸೇರಿತ್ತು, ಸಮತಾಳ ಗಂಟಲಿನ ಪುಣ್ಯ. ಅವಳು ಫೋನಿನಲ್ಲಿ ಅಪ್ಪ ಭೀಮರಾಜನಿಗೆ ಹೇಳಿದ್ದು ಓಣಿಗೆಲ್ಲ ಕೇಳಿಸಿತಂತೆ. ಸಂಗೀತಾ ಮನೆಗೆ ಬಂದಾಗ ಯರ್ರಿಸ್ವಾಮಿ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಮಗಳನ್ನು ನೋಡಿ ನಕ್ಕ, ಚಲೋ ಆತು ಬಿಡವ್ವಾ ಅಂದ. ಆಮೇಲೆ ಹಗ್ಗ ನೋಡುತ್ತಾ, ಬೇಜಾರಿಲ್ಲದ ದನಿಯಲ್ಲೇ ಕೇಳಿದ.

“ಹಂಗಾರ ಹೊಳಿ ಸೀಮ್ಯಾಗ ರೊಟ್ಟಿ ಯಾರು ಬಡೀತಾರ?”

ತಿಪ್ಪೇರುದ್ರಮ್ಮ ನೂಲಿನಿಂದ ಕಣ್ಣೆತ್ತಲಿಲ್ಲ. “ನಿನಗ ಎರಡು ಕೈ ಕೊಟ್ಟು ಹೆತ್ತೀನಿ. ಯಾವತ್ತಾರ ನೋಡ್ಕಂಡೀಯೇನು?”

ಮರುದಿನ ಬೆಳಿಗ್ಗೆ ಸಂಗೀತಾ ಎದ್ದು ಬಂದಾಗ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮುಂದೆ ಯರ್ರಿಸ್ವಾಮಿ ಮಂಡಿ ಮಡಚಿ ಕೂತಿದ್ದ, ಮೀಸೆಗೆಲ್ಲ ಜೋಳದ ಹಿಟ್ಟು. ತಟ್ಟಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದ. ಅರ್ಧ ಎದ್ದು ಬಂತು, ಅರ್ಧ ಹಿಟ್ಟು ನಾದೋ ಮರದ ಕೊಣಮಿಗೆಯಲ್ಲೇ ಉಳಿಯಿತು. ಬಂದ ಅರ್ಧವನ್ನು ಹಂಚಿನ ಮೇಲೆ ಹಾಕಿ ನೀರು ಸವರಿದ, ಉಳಿದ ಅರ್ಧವನ್ನು ಮತ್ತೆ ಉಂಡೆ ಮಾಡಿ ತಟ್ಟತೊಡಗಿದ.