ಉರಿಯ ಹತ್ತಿರ ಒಯ್ಯಬಾರದ ಇಂಜಿನ್ನು

ಕಿರ್ರ್ ಎಂದು ಸಣ್ಣಗೆ ಏನನ್ನೋ ಉಜ್ಜುವ ಸದ್ದು. ನಿಂತಿತು. ಮತ್ತೆ ಕಿರ್ರ್.

ನಲಿನಿ ಹಾಸಿಗೆಯಲ್ಲಿ ಎದ್ದು ಕುಳಿತಳು. ಸರಿರಾತ್ರಿಯಲ್ಲಿ ಯಾರೋ ಹಿತ್ತಲ ಬಾಗಿಲ ಚಿಲಕ ಕೊಯ್ಯುತ್ತಿದ್ದಾರೆ ಎಂದೇ ಮೊದಲು ಅನಿಸಿತು. ಮಗ್ಗುಲಲ್ಲಿ ಗಂಡ ಚಂದ್ರಶೇಖರ ಬಾಯಿ ತೆರೆದು ಮಲಗಿದ್ದ. ದಿನಾ ಹಾವೇರಿಯಿಂದ ಬ್ಯಾಡಗಿಯ ಬ್ಯಾಂಕಿಗೆ ಹೋಗಿ ಬರುವವನು, ಎಬ್ಬಿಸಿದರೂ ಏಳುತ್ತಿರಲಿಲ್ಲ. ಅವಳೇ ಬರಿಗಾಲಲ್ಲಿ ಎದ್ದು ಹೋದಳು. ಪಡಸಾಲೆಯಲ್ಲಿ ಟೇಬಲ್ ದೀಪದ ಕೆಳಗೆ ಮಾವ ಅಣ್ಣಾಜಿಯವರು ಬಾಗಿ ಕುಳಿತು, ಪುಟಾಣಿ ಚಕ್ರವೊಂದನ್ನು ಬೆರಳ ತುದಿಯಲ್ಲಿ ಹಿಡಿದು ಅರದಿಂದ ತಿಕ್ಕುತ್ತಿದ್ದರು.

“ಮಾವಾರ, ಇನ್ನೂ ಮಲಗಿಲ್ಲೇನ್ರಿ?”

“ಚಕ್ರ ಕಚ್ಚಾಕತ್ತದ, ತಿರಗವಲ್ದು. ನೀ ಮಲಕೋ ಹೋಗು. ಕಳ್ಳ ಅಂತ ತಿಳದ್ಯೇನು?”

“ಹೂಂ.”

“ನಿನಗ ಬೆಳಕು ಹರಿಯೂದ್ರಾಗ ನಾಕು ಸಲ ಕಳ್ಳ ಬರ್ತಾನ ನೋಡು. ಪಾಪ, ಅವಗಾದ್ರೂ ಒಂದೀಟು ದಣಿವಾಗಬಾರದಾ.”

ನಲಿನಿ ನಗಲಿಲ್ಲ. ನಗುವಷ್ಟು ತ್ರಾಣವಿರಲಿಲ್ಲ. ಬೆಳಿಗ್ಗೆ ನಳಕ್ಕೆ ಎದ್ದು ನೀರು ಹಿಡಿಯಬೇಕು, ಅಡಿಗೆ ಮುಗಿಸಿ ಪಾಠ ಹೇಳಲು ಶಾಲೆಗೆ ಓಡಬೇಕು. ಆದರೂ ಆ ಸದ್ದು ಕಳ್ಳನದಲ್ಲ, ಮಾವನದು ಎಂಬುದೇ ಒಂದು ಸಮಾಧಾನ. ಅತ್ತೆ ಪದ್ಮಾಬಾಯಿ ತೀರಿಕೊಂಡ ಮೇಲೆ ಆ ಮನುಷ್ಯ ಊಟಕ್ಕೆ ಕರೆದರೂ ಓಗೊಡದೆ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಎದ್ದು ಕೂತದ್ದು ಈ ಪೆಟ್ಟಿಗೆ ಬಂದ ಮೇಲೆ.

ಪೆಟ್ಟಿಗೆ ಬಂದದ್ದು ಇಂಗ್ಲೆಂಡಿನಿಂದ. ಉಗಿಬಂಡಿಗಳು ಇನ್ನೂ ಓಡುತ್ತಿದ್ದ ಕಾಲಕ್ಕೆ ಫೋಟೋ ತೆಗೆಯಲು ಬಂದ ಒಬ್ಬ ಸಾಹೇಬ, ರೈಲ್ವೆ ಡ್ರೈವರರಾಗಿದ್ದ ಅಣ್ಣಾಜಿಯವರ ಇಂಜಿನ್ನು ಹತ್ತಿ, ಸಲಿಕೆಯ ಮೇಲೆ ಸುಟ್ಟ ಶೇಂಗಾ ತಿಂದು ಹೋಗಿದ್ದ. ಋಣ ಮರೆಯದೆ ಈಗ ಇದನ್ನು ಕಳಿಸಿದ್ದ. ಬೂದು ಲೋಹದ ನೂರೆಂಟು ತುಂಡುಗಳು, ಜೋಡಿಸಿದರೆ ಮೊಳದುದ್ದದ ಇಂಜಿನ್ನು. ಜೊತೆಗಿದ್ದ ಇಂಗ್ಲಿಷ್ ಹಾಳೆಯನ್ನು ನಲಿನಿಯೇ ಓದಿ ಹೇಳಿದ್ದಳು. “ಈ ಲೋಹ ಭಾಳ ಮೆತ್ತಗಂತ್ರಿ. ಕರಗಿಬಿಡ್ತದಂತ. ಉರಿ ಹತ್ತರ ಒಯ್ಯಬಾರದಂತ.”

“ಉರಿ ಹತ್ತರ ಒಯ್ಯಬಾರದ ಇಂಜಿನ್ನ!” ಅಣ್ಣಾಜಿಯವರು ಬಹಳ ದಿನಗಳ ಮೇಲೆ ನಕ್ಕಿದ್ದರು. “ಇದೆಂಥಾ ಇಂಜಿನ್ನವಾ! ನೀರಿಗೆ ಇಳೀಬಾರದ ಎಮ್ಮಿ ಇದ್ಧಾಂಗ ಆತು.”

ಜೋಡಿಸುವುದು ಅವರು, ಬಣ್ಣ ಹಚ್ಚುವುದು ಅವಳು. ಅರ ಹಿಡಿದರೆ ಸುಮ್ಮನಿರುತ್ತಿದ್ದ ಅವರ ಕೈ ಕುಂಚ ಹಿಡಿದರೆ ನಡುಗುತ್ತಿತ್ತು. ಹಾಳೆಯಲ್ಲಿದ್ದದ್ದು ಹಸಿರು ಇಂಜಿನ್ನು. “ಗಿಣಿ ಆದೀತು. ಕರೀದು ಹಚ್ಚು,” ಎಂದರು. ಬಜಾರಿನಿಂದ ತಂದ ಎನಾಮೆಲ್ ಬಣ್ಣ ಮೊದಲ ಸಲ ದಪ್ಪಗಾಗಿ ಇಳಿದು ಕಣ್ಣೀರಿನ ಗೆರೆಗಳಂತೆ ಒಣಗಿತು. ಟರ್ಪೆಂಟೈನ್‌ನಿಂದ ಎಲ್ಲ ಒರೆಸಿ, ಬಣ್ಣ ತೆಳ್ಳಗೆ ಮಾಡಿ, ಒಂದು ಪದರು ಒಣಗಿದ ಮೇಲೆ ಇನ್ನೊಂದು ಹಚ್ಚಿದಳು. ಧೂಳು ಕೂಡದಂತೆ ಅದರ ಮೇಲೆ ಬುಟ್ಟಿ ಬೋರಲು ಹಾಕುವುದು, ಗಂಟೆಗೊಮ್ಮೆ ಎತ್ತಿ ನೋಡುವುದು. “ಕೋಳಿಮರಿ ಅದಾವೇನ ಒಳಗ?” ಎಂದು ಚಂದ್ರಶೇಖರ ಕೇಳುತ್ತಿದ್ದ. ಮುಂದಿನ ಅಡ್ಡಪಟ್ಟಿಗೆ ಕೆಂಪು ಬಂತು. ಕೊನೆಗೆ ನಿಬ್ಬಿನಿಂದ ಬಿಳಿಯಲ್ಲಿ ಮಾವನ ಹಳೆಯ ಇಂಜಿನ್ನಿನ ನಂಬರು. ಅದನ್ನು ಅಣ್ಣಾಜಿಯವರು ಕಣ್ಣು ಮುಚ್ಚಿ ಹೇಳಿದರು.

ಪೆಟ್ಟಿಗೆಯ ತಳದಲ್ಲಿ ಎರಡು ಬೆರಳ ಗೆಣ್ಣಿನಷ್ಟು ಎತ್ತರದ ಇಬ್ಬರು ಮನುಷ್ಯರಿದ್ದರು. ಒಬ್ಬ ಡ್ರೈವರ, ಇನ್ನೊಬ್ಬ ಸಲಿಕೆ ಹಿಡಿದ ಫೈರ್‌ಮನ್. ಡ್ರೈವರನಿಗೆ ನೀಲಿ ಅಂಗಿ ಹಚ್ಚಿಯಾಯಿತು. ಎರಡನೆಯವನನ್ನು ಅಣ್ಣಾಜಿಯವರು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತರು.

“ಇವಗ ಗಡ್ಡ ಬರಿ,” ಅಂದರು.

ಗಡ್ಡವೆಂದರೆ ಶಾಬುದ್ದೀನರು ಎಂದು ನಲಿನಿಗೆ ಗೊತ್ತಾಯಿತು. ರಾಣೇಬೆನ್ನೂರಿನವರು, ವರ್ಷಗಟ್ಟಲೆ ಮಾವನ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದವರು. ಈ ಮನೆಯಲ್ಲಿ ಅವರ ಹೆಸರು ಎತ್ತುವಂತಿರಲಿಲ್ಲ. ಒಂದು ಬೆಳಗಿನ ಜಾವ ದೇವರಗುಡ್ಡದ ಆಚೆ, ಮೇಲಿಂದ ಮೇಲೆ ಡ್ಯೂಟಿ ಮಾಡಿ ದಣಿದಿದ್ದ ಶಾಬುದ್ದೀನರು ನಿಂತಲ್ಲೇ ಕಣ್ಣು ಮುಚ್ಚಿದ್ದರು. ಅವರು ನೋಡಿಕೊಳ್ಳಬೇಕಿದ್ದ ಬಾಯ್ಲರಿನ ನೀರು ಇಳಿಯಿತು. ನೀರು ಇಳಿದರೆ ಕರಗಲೆಂದೇ ಇಟ್ಟಿರುವ ಸೀಸದ ಬಿರಡೆ ಕರಗಿ, ಉಗಿ ನುಗ್ಗಿ ಬೆಂಕಿ ಆರಿ, ಗಾಡಿ ಹೊಲದ ನಡುವೆ ನಿಂತಿತು. ಬಿರಡೆ ಕರಗಿಸಿಕೊಂಡ ಡ್ರೈವರನೆಂದರೆ ರೈಲ್ವೆಯಲ್ಲಿ ಮುಖ ಎತ್ತುವಂತಿಲ್ಲ. ಮೇಲ್ ಗಾಡಿಯಿಂದ ಇಳಿಸಿ ಅಣ್ಣಾಜಿಯವರನ್ನು ಗೂಡ್ಸಿಗೆ ಹಾಕಿದರು. ನಿವೃತ್ತಿಯ ದಿನವೂ ಅವರು ಶಾಬುದ್ದೀನರು ತಂದ ಹಾರ ಮುಟ್ಟಲಿಲ್ಲ.

ಈಗ ಶಾಬುದ್ದೀನರು ದಮ್ಮಿನಿಂದ ಹಾಸಿಗೆ ಹಿಡಿದಿದ್ದಾರೆಂದು ಚಂದ್ರಶೇಖರ ಬ್ಯಾಡಗಿಯಲ್ಲಿ ಕೇಳಿ ಬಂದಿದ್ದ. ದಸರೆಯಲ್ಲಿ ಆಯುಧಗಳಿಗೆ ನಡೆಯುವ ಖಂಡೇಪೂಜೆಯ ದಿನ ಅಣ್ಣಾಜಿಯವರು ಇಂಜಿನ್ನಿಗೆ ಹೂವೇರಿಸಿ, ದೀಪ ಮಾತ್ರ ದೂರ ಇಟ್ಟು ಕೈಮುಗಿದವರು, “ನಾಳೆ ಬನ್ನಿ ಕೊಡಾಕ ರಾಣೇಬೆನ್ನೂರಿಗೆ ಹೋಗೂಣ,” ಅಂದರು. “ಇದನ್ನೂ ತಗೋ. ಹಳೇದೆಲ್ಲಾ ಹೊಟ್ಟ್ಯಾಗ ಇಟಗೊಂಡು ಸಾಯೂದು ಛಲೋ ಅಲ್ಲ.”

ಪ್ಯಾಸೆಂಜರ್ ಗಾಡಿಯಲ್ಲಿ ದಾರಿಯುದ್ದಕ್ಕೂ ಇಂಜಿನ್ನು ನಲಿನಿಯ ತೊಡೆಯ ಮೇಲೆ ಧೋತರದಲ್ಲಿ ಸುತ್ತಿಕೊಂಡು ಕೂತಿತ್ತು. ಗಾಡಿಯ ವಾಸನೆಗೆ ಅವಳಿಗೆ ವಾಂತಿ ಬರುತ್ತದೆ. ಅದಕ್ಕೆ ಕರವಸ್ತ್ರದ ತುದಿಯಲ್ಲಿ ಕರ್ಪೂರ ಕಟ್ಟಿಕೊಂಡಿದ್ದಳು. ಮೂಸುತ್ತ ಮೂಸುತ್ತ ಒಂದೇ ಯೋಚನೆ: ಅಲ್ಲಿ ಹೋದ ಮೇಲೆ ಇವರು ಮುಖ ತಿರುಗಿಸಿದರೆ? ಅವರೇ ಮುಖ ತಿರುಗಿಸಿದರೆ?

ಇಬ್ಬರೂ ತಿರುಗಿಸಲಿಲ್ಲ. ಅಣ್ಣಾಜಿಯವರು ಹೊಸ್ತಿಲಲ್ಲಿ ನಿಂತು, “ಏನಲೇ ಶಾಬೂ, ಇನ್ನೂ ನಿದ್ದಿ ಹರೀಲಿಲ್ಲೇನು?” ಅಂದರು. ಮಂಚದ ಮೇಲಿದ್ದ ಎಲುಬಿನ ಹಂದರ ಮೊಣಕೈ ಊರಿ ಎದ್ದಿತು. “ನೀವು ಬಂದು ಎಬ್ಬಸ್ಲಿ ಅಂತ ಮಲಗೇನ್ರಿ, ಡ್ರೈವರ ಸಾಹೇಬ್ರ.” ಬನ್ನಿ ಕೊಟ್ಟರು. ಕೈಗೆ ಕೈ ಹತ್ತಿ ಹಾಗೇ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಿಬಿಜಾನ್ ಸೆರಗಿನಿಂದ ಮುಖ ಒರೆಸಿಕೊಂಡು, ಚಹಾಕ್ಕೆ ಹಾಲು ತರುತ್ತೇನೆಂದು ಹೊರಗೆ ಹೋದಳು.

ಇಂಜಿನ್ನನ್ನು ಸ್ಟೂಲಿನ ಮೇಲೆ ಇಟ್ಟಾಗ ಶಾಬುದ್ದೀನರು ಚಕ್ರ ಚಕ್ರ ಮುಟ್ಟಿ ನೋಡಿದರು. ಡ್ರೈವರನ ಕೋಣೆಯ ಚಾವಣಿ ತೆಗೆದು ಒಳಗಿದ್ದ ಗಡ್ಡದವನನ್ನು ತೋರಿಸಿದಾಗ, “ನಾ ಇಷ್ಟು ಛಂದ ಯಾವಾಗಿದ್ನೋ!” ಎಂದು ಕೆಮ್ಮುತ್ತ ನಕ್ಕರು.

ಆಗ ರೈಲ್ವೆ ಗೇಟಿನ ಕಡೆಯಿಂದ ಗಾಡಿ ಕೂಗಿತು. “ಗೂಡ್ಸ್,” ಅಂದರು ಇಬ್ಬರೂ ಒಟ್ಟಿಗೆ. ಅಣ್ಣಾಜಿಯವರಿಗೆ ಕುಂತಲ್ಲಿ ಕೂರಲಾಗಲಿಲ್ಲ. ಡೀಸೆಲ್ಲನ್ನು ಬೈಯುತ್ತಲೇ ನೋಡಲು ಓಣಿಯ ತುದಿಗೆ ನಡೆದರು.

ಶಾಬುದ್ದೀನರು ಮೂಗು ಅರಳಿಸಿದರು. “ಕರ್ಪೂರ ಐತೇನ ಬೇಟಿ ನಿನ್ನ ಹತ್ರ?”

“ಐತ್ರಿ ಚಾಚಾ. ಗಾಡಿಯೊಳಗ ನನಗ ತ್ರಾಸ ಆಗ್ತದ, ಅದಕ್ಕ…”

“ಖಂಡೇಪೂಜಿ ಆದಮ್ಯಾಗ ಮೊದಲ್ನೇ ಸಲಿಕಿ ಮ್ಯಾಲೆ ಕರ್ಪೂರ ಇಟ್ಟು ನಾನ ಒಳಗ ಒಗೀತಿದ್ದೆ. ಶೆಡ್ಡಿನಾಗ ಆ ಮಾನ ನಂದಾಗಿತ್ತು. ಆಮ್ಯಾಲೆ ಡ್ರೈವರ ಸಾಹೇಬ್ರು ಸೀಟಿ ಹೊಡೆಯೋರು. ತಾ ಇಲ್ಲಿ.”

ಅವಳು ಗಂಟು ಬಿಚ್ಚಿ ಕೊಟ್ಟಳು. ಇಂಜಿನ್ನಿನ ಮುಂದೆ ಇಟ್ಟು ಬೆಳಗುತ್ತಾರೆ ಎಂದುಕೊಂಡಿದ್ದಳು. ಅವರು ಬಿಲ್ಲೆಯನ್ನು ಚಾವಣಿಯಿಲ್ಲದ ಕೋಣೆಯೊಳಗೆ, ಗಡ್ಡದವನ ಸಲಿಕೆಯ ಮುಂದೆ, ಒಲೆಯ ಪುಟ್ಟ ಬಾಗಿಲಿಗೆ ಒತ್ತಿ ಇಟ್ಟರು. ಬೀಡಿಗೆಂದು ಇಟ್ಟಿದ್ದ ಕಡ್ಡಿಪೆಟ್ಟಿಗೆಯಿಂದ ಕಡ್ಡಿ ಗೀರಿದರು.

ಬ್ಯಾಡ್ರಿ ಚಾಚಾ, ಅನ್ನಬೇಕಿತ್ತು. ಹಾಳೆ ಓದಿದವಳು ಅವಳೇ. ಗ್ಯಾಸು, ಚಿಲಕ, ನಳ ಎಲ್ಲವನ್ನೂ ಎರಡೆರಡು ಸಲ ನೋಡುವವಳು ಅವಳೇ. ಆದರೆ ಉರಿ ಎದ್ದು ಶಾಬುದ್ದೀನರ ಮುಖ ಬೆಳಗಿತ್ತು. ದಮ್ಮು, ಹಾಸಿಗೆ, ಮಾತು ಬಿಟ್ಟ ವರ್ಷಗಳು ಒಂದೂ ಆ ಮುಖದಲ್ಲಿರಲಿಲ್ಲ. ಬಣ್ಣ ಗುಳ್ಳೆಯೆದ್ದು ಸುಟ್ಟ ನಾತ ಬಂದ ಮೇಲೆ ಬಗ್ಗಿ ಊದಿದಳು. ಅಷ್ಟರಲ್ಲಿ ಒಲೆಯ ಬಾಗಿಲು ಜೋತುಬಿದ್ದಿತ್ತು. ಫೈರ್‌ಮನ್ ಸೊಂಟದವರೆಗೆ ಕರಗಿ ಸಲಿಕೆಯ ಮೇಲೆ ಮುದ್ದೆಯಾಗಿದ್ದ.

ಶಾಬುದ್ದೀನರು ಇನ್ನಷ್ಟು ಬಾಗಿ ನೋಡಿದರು. “ಇದೂ ಕರಗಿತೇನವಾ? ಎರಡ್ನೇ ಸಲ ಆತು. ಯಾವ ಮಾರಿ ಹೊತ್ಕೊಂಡು ಹೇಳ್ಲಿ ಅವ್ರಿಗೆ?” ಅವರ ಎದೆ ಸಿಳ್ಳು ಹೊಡೆಯತೊಡಗಿತು.

“ನೀವೇನೂ ಹೇಳಬ್ಯಾಡ್ರಿ. ನಾ ಹೇಳ್ತೀನಿ,” ಎಂದು ನಲಿನಿ ಸೆರಗಿನಿಂದ ಚಾವಣಿ ಹಿಡಿದು ಮುಚ್ಚಿದಳು.

ಅಣ್ಣಾಜಿಯವರು ಬಂದವರೇ, “ಕರ್ಪೂರದ ವಾಸನಿ?” ಅಂದರು. “ಪೂಜಿ ಮಾಡಿದ್ವಿ,” ಅಂದಳು. ಚಹಾ ಬಂತು. ಶಾಬುದ್ದೀನರು ಚಹಾದ ಬಸಿ ಮುಟ್ಟದೆ ಗೋಡೆಯ ಕಡೆ ಹೊರಳಿ ಮಲಗಿದರು. ಸುಸ್ತಾಗಿದೆ ಎಂದು ಅಣ್ಣಾಜಿಯವರು ಅವರ ಕಾಲ ಮೇಲೆ ರಗ್ಗು ಎಳೆದು ಎದ್ದರು.

ಮರಳುವ ಗಾಡಿ ಬ್ಯಾಡಗಿ ಬಿಟ್ಟ ಮೇಲೆ ಅವರು ಧೋತರ ಬಿಚ್ಚಿದರು. ಚಾವಣಿ ತೆಗೆಯಲು ಹೋದರೆ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ಒಳಗೆ ನೋಡಿದರು. ಮುಖ ಎತ್ತಲಿಲ್ಲ.

“ಯಾರು ಹಚ್ಚಿದ್ದು?”

“ನಾನ್ರಿ.”

“ಹಾಳಿ ಓದಿ ಹೇಳಿದಾಕಿನೂ ನೀನ.”

“ಹೂಂರಿ. ಖಬರ ಉಳೀಲಿಲ್ಲ.”

ಕಿಟಕಿಯಲ್ಲಿ ಮೆಣಸಿನಕಾಯಿ ಹೊಲಗಳು ಕತ್ತಲಾಗುತ್ತಿದ್ದವು. ಅವರು ಹೆಬ್ಬೆರಳಿನಿಂದ ಆ ಮುದ್ದೆಯನ್ನು ಸವರಿದರು.

“ಶಾಬೂ ನೋಡಿದ್ನೇನು?”

“ಇಲ್ರಿ. ಕಣ್ಣು ಮುಚ್ಚಿದ್ರು.”

“ಛಲೋ ಆತು. ನೋಡಿದ್ರ ತನ್ನ ಮ್ಯಾಲೆ ಹಾಕ್ಕೊಂಡು ಕೊರಗತಿದ್ದ. ಆವತ್ತ ಬಾಯ್ಲರಿನ ನೀರು ತೋರ್ಸೂ ಗ್ಲಾಸ್ ನಾನೂ ನೋಡಬೇಕಾಗಿತ್ತಲ್ಲ. ನಾನೂ ನೋಡಿರಲಿಲ್ಲ.” ಇಂಜಿನ್ನಿಗೆ ಮತ್ತೆ ಧೋತರ ಸುತ್ತುತ್ತ, “ಅದನ್ನ ಅವಗ ಹೇಳೂಣ ಅಂತ ಹೋಗಿದ್ದೆ. ಮಲಗಿಬಿಟ್ಟ. ಇರ್ಲಿ, ಮುಂದಿನ ವಾರ,” ಅಂದರು.

ಈಗಲೇ ನಿಜ ಹೇಳಿಬಿಡಬೇಕು ಎಂದು ನಲಿನಿಗೆ ಅನಿಸಿತು. ಇವರು ಸಿಟ್ಟಾಗುವುದಿಲ್ಲ. ಆದರೆ ಗೋಡೆಯ ಕಡೆ ಹೊರಳಿದ ಆ ಬೆನ್ನು ಕಣ್ಣ ಮುಂದೆ ಬಂತು. ಇವರಿಗೆ ಗೊತ್ತಾಯಿತೆಂದು ತಿಳಿದರೆ ಆ ಮನುಷ್ಯ ಮುಂದಿನ ವಾರ ಮುಖ ತೋರಿಸುತ್ತಾರೆಯೆ? ಯೋಚಿಸಲಿಕ್ಕೂ ದಣಿವಾಗಿತ್ತು.

ಹಾವೇರಿ ಸ್ಟೇಶನ್ನಿಗೆ ಚಂದ್ರಶೇಖರ ಬಂದಿದ್ದ. “ಹೆಂಗಾತು ಅಪ್ಪಾ?”

“ಎಲ್ಲಾ ಛಲೋ ಆತು. ನಿನ್ನ ಹೇಣ್ತಿ ಇಂಜಿನ್ನಿನ ಒಲಿ ಸುಟ್ಟಾಳ, ಅಷ್ಟ.”

“ಈಕೀನ?” ಚಂದ್ರಶೇಖರ ಪ್ಲಾಟ್‌ಫಾರ್ಮಿನ ಮೇಲೇ ಹೊಟ್ಟೆ ಹಿಡಿದು ನಕ್ಕ. “ಗ್ಯಾಸ್ ಬಂದ್ ಅದನೋ ಇಲ್ಲೋ ಅಂತ ಬಸ್ ಇಳಿದು ವಾಪಸ್ ಬರೋಕೀನ? ಇದನ್ನ ನಾ ಯಾರ್ಯಾರಿಗೆ ಹೇಳಲವಾ!”

ಹೇಳುತ್ತಾನೆ, ಬ್ಯಾಂಕಿನಲ್ಲಿ, ಮದುವೆ ಮನೆಗಳಲ್ಲಿ, ತವರಿನವರ ಮುಂದೆ. ಪ್ರತಿ ಸಲವೂ ಎಲ್ಲರೂ ಅವಳ ಕಡೆ ತಿರುಗಿ ನಗುತ್ತಾರೆ. ನಲಿನಿ ಇಂಜಿನ್ನನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಇಬ್ಬರ ಹಿಂದೆ ನಡೆದಳು. ನಗಲಿ. ಶಾಬುದ್ದೀನರ ಕೈಯ ಕಡ್ಡಿಯ ಮಾತನ್ನು ಅವಳು ಮಾವನಿಗಾಗಲಿ, ಗಂಡನಿಗಾಗಲಿ, ಯಾರಿಗೂ ಹೇಳುವುದಿಲ್ಲ.