ಶಿವಲಕ್ಷ್ಮಿಯ ಎಂಟು ಹಾಡು

ಗದಗ ಸೀಮೆಯಲ್ಲಿ ಶಿವಲಕ್ಷ್ಮಿಯನ್ನು ಹದಿನೈದು ವರ್ಷ ಎಲ್ಲರೂ ಒಂದೇ ಮಾತಿನಲ್ಲಿ ಹೊಗಳಿದರು: ಕಣ್ಣು ಮುಚ್ಚಿ ಕೇಳಿದರೆ ರೆಕಾರ್ಡೇ ಹಚ್ಚಿದಂತೆ. ಆಕೆಯ ಗಂಡ ದೇವೇಂದ್ರಪ್ಪ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಡಂಬಳ, ಎಲ್ಲಿ ಮದುವೆ ಇದ್ದರೂ ಎಲ್ಲಿ ಗಣಪತಿ ಕೂಡಿಸಿದ್ದರೂ ಅವರ ಮೆಟಾಡೋರ್ ಹೋಗುತ್ತಿತ್ತು. ದಾರಿಯುದ್ದಕ್ಕೂ ದೇವೇಂದ್ರಪ್ಪ ಕ್ಯಾಸೆಟ್ ಹಚ್ಚಿ, ಸಿನಿಮಾದಲ್ಲಿ ಹಾಡಿದಾಕೆ ಎಲ್ಲೆಲ್ಲಿ ಉಸಿರು ತಗೊಂಡಿದ್ದಾಳೆ ಎಂದು ಹೆಂಡತಿಗೆ ಹೇಳಿಕೊಡುತ್ತಿದ್ದ. ವೇದಿಕೆಯ ಮೇಲೆ ಆಕೆ ಬೇರೆ ಕಡೆ ಉಸಿರು ತಗೊಂಡರೆ ಪರದೆಯ ಪಕ್ಕ ನಿಂತ ಅವನ ಬೆರಳು ಮೇಲೇಳುತ್ತಿತ್ತು. ಅವನೇನು ಸಿಟ್ಟಿನ ಮನುಷ್ಯನಲ್ಲ. ಮಂದಿಗೆ ಬೇಕಾದದ್ದು ಅದೇ ಎಂದು ನಂಬಿದ್ದ. ಮಂದಿ ಕೇಳುತ್ತಿದ್ದದ್ದೂ ಅದನ್ನೇ.

ಆಮೇಲೆ ಡಿಜೆ ಬಂತು, ಆರ್ಕೆಸ್ಟ್ರಾ ನಿಂತಿತು. ದೇವೇಂದ್ರಪ್ಪ ಮೊಬೈಲ್ ಅಂಗಡಿ ಇಟ್ಟ, ಎಂಟು ವರ್ಷದ ಹಿಂದೆ ತೀರಿಕೊಂಡ. ಶಿವಲಕ್ಷ್ಮಿಗೆ ಥೈರಾಯ್ಡ್ ಆಪರೇಶನ್ ಆಗಿ ಧ್ವನಿ ಇಳಿದು ದಪ್ಪಗಾಯಿತು. ಫೋನಿನಲ್ಲಿ ಗುರುತಿಲ್ಲದವರು ಆಕೆಯನ್ನು ‘ಸರ್’ ಎಂದು ಕರೆಯುತ್ತಿದ್ದರು. ಹಾಡುವುದನ್ನು ಬಿಟ್ಟಳು. ಅಡುಗೆ ಮಾಡುವಾಗ ಗುನುಗುವುದೂ ನಿಂತುಹೋಯಿತು.

ಹೋದ ಬೇಸಿಗೆಯಲ್ಲಿ ಇಜಾಜ ಬಂದ. ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದವನು. ಗೋವಾಕ್ಕೆ ಹೋಗಿ ಮೂವತ್ತು ವರ್ಷ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಈಗ ಬೆಟಗೇರಿಯ ತಂಗಿಯ ಮನೆಗೆ ವಾಪಸ್ ಬಂದಿದ್ದ. ಚಹಾ ಕುಡಿದ, ದೇವೇಂದ್ರಪ್ಪನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತ, ಆಮೇಲೆ ಒಂದು ಹಾಡು ಹಾಡಲು ಕೇಳಿದ. ಶಿವಲಕ್ಷ್ಮಿ, ಆ ಧ್ವನಿ ಹೋಗಿ ವರ್ಷಗಳಾದವು ಎಂದಳು.

“ಹೋದ ಧ್ವನಿ ಯಾಕ ಬೇಕ್ರಿ ವೈನಿ? ಇದ್ದ ಧ್ವನಿ ಹಾಡಲಿ.”

ಅವನು ಪೆಟ್ಟಿಗೆಯಿಂದ ಸ್ಯಾಕ್ಸೋಫೋನ್ ತೆಗೆದು, ಅವರಿಬ್ಬರೂ ನೂರಾರು ಸಲ ಕೂಡಿ ನುಡಿಸಿದ್ದ ಹಾಡೊಂದನ್ನು ಶ್ರುತಿಯಲ್ಲಿ ನಾಲ್ಕು ಪಟ್ಟಿ ಇಳಿಸಿ, ಅರ್ಧ ವೇಗದಲ್ಲಿ ಶುರು ಮಾಡಿದ. ಶಿವಲಕ್ಷ್ಮಿಗೆ ತಡೆಯಲಾಗಲಿಲ್ಲ, ದನಿಗೂಡಿಸಿದಳು. ಆದರೆ ಎತ್ತಿಕೊಳ್ಳುವ ಜಾಗ ದಾಟಿಹೋಗಿ ಎರಡು ಮಾತ್ರೆ ತಡವಾಗಿತ್ತು. ತಪ್ಪಿತು ಎಂದು ನಿಲ್ಲಿಸಿದಳು. ಇಜಾಜ ತಪ್ಪಿಲ್ಲ ಎಂದ. ಗೋವಾದಲ್ಲಿ ಒಂದೇ ಹಳೇ ಹಾಡನ್ನು ಹತ್ತು ಮಂದಿ ಹತ್ತು ರೀತಿ ಹಾಡುತ್ತಾರೆ; ಒಬ್ಬರು ತಡವಾಗಿ ಬರುತ್ತಾರೆ, ಒಬ್ಬರು ಅರ್ಧ ಸಾಲು ನುಂಗುತ್ತಾರೆ; ಯಾರಾದರೂ ರೆಕಾರ್ಡಿನಂತೆಯೇ ಹಾಡಿದರೆ, ಹಾಗಾದರೆ ರೆಕಾರ್ಡನ್ನೇ ಕೇಳುತ್ತಿದ್ದೆವಲ್ಲ ಎಂದು ಜನ ಎದ್ದು ಹೋಗುತ್ತಾರೆ ಎಂದು ವಿವರಿಸಿದ. ಶಿವಲಕ್ಷ್ಮಿ ನಂಬಲಿಲ್ಲ. ಆದರೂ ಮರುದಿನ ಅವನು ಬರುವುದರೊಳಗೆ ಚಹಾಕ್ಕೆ ನೀರಿಟ್ಟಿದ್ದಳು.

ಐದು ತಿಂಗಳು ಹಾಗೆ ನಡೆಯಿತು. ಒಂದು ಆಲ್ಬಮ್ ಮಾಡೋಣವೆಂದು ಎಂಟು ಹಾಡು ಆರಿಸಿದರು: ಐದು ಕನ್ನಡ ಸಿನಿಮಾದವು, ಒಂದು ಹಿಂದಿಯದು, ಎರಡು ಇಜಾಜ ಗೋವಾದಿಂದ ತಂದ ಹಳೇ ಇಂಗ್ಲಿಷ್ ಹಾಡು. ಇಂಗ್ಲಿಷಿನವನ್ನು ಶಿವಲಕ್ಷ್ಮಿ ಪಂಚಾಂಗದ ಹಿಂಭಾಗದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಳು. ಅವು ಬೇಗ ಕೈವಶವಾದವು. ಅವುಗಳಿಗೆ ಹಳೇ ರೂಢಿಯ ಕಾಟ ಇರಲಿಲ್ಲ. ಕನ್ನಡದವೇ ತೊಂದರೆ ಕೊಟ್ಟವು. ಸಾಲು ಮುಗಿಯುತ್ತಲೇ ಕಣ್ಣು ತಾನಾಗಿ, ಗಂಡನ ಬೆರಳನ್ನು ಹುಡುಕಿಕೊಂಡು, ಬಾಗಿಲ ಪಕ್ಕಕ್ಕೆ ಹೋಗುತ್ತಿತ್ತು.

ರೆಕಾರ್ಡಿಂಗಿಗೆ ಬೆಟಗೇರಿಯ ಒಂದು ಹತ್ತಿ ಗೋದಾಮು ಸಿಕ್ಕಿತು. ಗೋಡೆಗುಂಟ ಪೇರಿಸಿದ ಹತ್ತಿಯ ಅಂಡಿಗೆಗಳು ಸದ್ದನ್ನೆಲ್ಲ ಹೀರಿಕೊಂಡು, ಸ್ಟುಡಿಯೋಕ್ಕಿಂತ ಚೆಂದ ನಿಶ್ಶಬ್ದವಿತ್ತು. ಗೋವಾದಿಂದ ಇಜಾಜನ ಗೆಳೆಯರಿಬ್ಬರು ಪಿಯಾನೋದ ಕೀಬೋರ್ಡು, ಆಳೆತ್ತರದ ತಂತಿವಾದ್ಯ ಬಾಸ್ ತಗೊಂಡು ಬಂದರು. ಎರಡು ದಿನದಲ್ಲಿ ಏಳು ಹಾಡು ಮುಗಿದವು.

ಎಂಟನೆಯದು ಶಿವಲಕ್ಷ್ಮಿ ಹೆಣ್ಣು ನೋಡುವ ದಿನ ಹಾಡಿದ ಹಾಡು. ಲಕ್ಷ್ಮೇಶ್ವರದ ಮನೆಯ ಪಡಸಾಲಿಯಲ್ಲಿ, ಚಾಪೆಯ ಮೇಲೆ ಕೂತು ಹಾಡಿದ್ದಳು. ಅದನ್ನು ಕೇಳಿಯೇ ದೇವೇಂದ್ರಪ್ಪ ಒಪ್ಪಿದ್ದು. ಇದೊಂದನ್ನು ಮಾತ್ರ ಬದಲಿಸುವುದಿಲ್ಲ, ಅವರು ಮೆಚ್ಚಿದ ಹಾಗೆಯೇ ಹಾಡುತ್ತೇನೆ ಎಂದು ಹಟ ಹಿಡಿದಳು. ಇಜಾಜ ಒಪ್ಪಿದ. ಮೂರನೇ ಸಾಲಿನ ಎತ್ತರದಲ್ಲಿ ಧ್ವನಿ ಒಡೆಯಿತು. ಮತ್ತೊಮ್ಮೆ ಹಾಡಿದಳು, ಮತ್ತೆ ಅಲ್ಲಿಯೇ ಒಡೆಯಿತು. ಮೂರನೇ ಸಲ ಆದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿ ಬೇವಿನ ಗಿಡದ ಕಟ್ಟೆಗೆ ಕೂತಳು.

ಅಲ್ಲಿ ಆಕೆಗೆ ಮುಂಡರಗಿಯ ಒಂದು ಮದುವೆ ನೆನಪಾಯಿತು. ಮಬ್ಬುಗತ್ತಲಾಗುವ ಹೊತ್ತು. ಇದೇ ಹಾಡಿನ ನಡುವೆ ಕರೆಂಟ್ ಹೋಗಿತ್ತು. ಮೈಕು ಸತ್ತಿತು, ಕೀಬೋರ್ಡು ಸತ್ತಿತು, ಜನರೇಟರ್ ಹತ್ತಲಿಲ್ಲ. ಆಕೆ ನಿಲ್ಲಿಸಲಿಲ್ಲ. ಜೊತೆಗೆ ಓಡಲು ಏನೂ ಇಲ್ಲದ್ದರಿಂದ ನಿಧಾನವಾಗಿ, ಕೆಳಗಿನ ಧ್ವನಿಯಲ್ಲಿ, ತನಗೆ ತಿಳಿದಲ್ಲಿ ಉಸಿರು ತಗೊಂಡು ಹಾಡಿದಳು. ಊಟಕ್ಕೆ ಕೂತ ಪಂಕ್ತಿ ಸುಮ್ಮನಾಗಿತ್ತು. ಕರೆಂಟ್ ಬಂದಾಗ ಮತ್ತೆ ರೆಕಾರ್ಡಿನ ದಾರಿ ಹಿಡಿದಿದ್ದಳು. ಮರುದಿನ ಮುಂಜಾನೆ ದೇವೇಂದ್ರಪ್ಪ ಹಲ್ಲುಜ್ಜುತ್ತ ಕೇಳಿದ್ದ: “ನಿನ್ನಿ ಕರೆಂಟ್ ಹೋದಾಗ ಹಾಡಿದ್ದು ಯಾರ ಧ್ವನಿ?” ಆಕೆ ಅದನ್ನು ಬೈಗುಳ ಎಂದುಕೊಂಡು, ಇನ್ನೊಮ್ಮೆ ಹಾಗಾಗುವುದಿಲ್ಲ ಎಂದಿದ್ದಳು. ಅವನು ಏನೋ ಹೇಳಲು ಹೊರಟು, ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋಗಿದ್ದ. ಮುಂದೆ ಎಂದೂ ಆ ಮಾತು ಬರಲಿಲ್ಲ.

ಇಜಾಜ ಹೊರಗೆ ಬಂದಾಗ ಆ ದಿನ ನೆನಪಿದೆಯೇ ಎಂದು ಕೇಳಿದಳು. ಜನರೇಟರ್ ತಿರುವಿ ತಿರುವಿ ತೋಳು ಬಾತದ್ದಷ್ಟೇ ಅವನಿಗೆ ನೆನಪಿತ್ತು.

“ಅವರು ಬೈದಿದ್ದಿಲ್ಲ ಅನಸ್ತೈತಿ ಇಜಾಜ,” ಎಂದಳು ಶಿವಲಕ್ಷ್ಮಿ. “ಖರೇನs ಕೇಳಿದ್ರು. ನಾ ಉತ್ತರ ಕೊಡಲಿಲ್ಲ.”

ಆಕೆ ಎದ್ದು ಒಳಗೆ ಹೋಗಿ, ಮೊದಲ ಚರಣಕ್ಕೆ ಯಾರೂ ಏನೂ ನುಡಿಸಬೇಡಿ ಎಂದಳು. ಹಾಡು ಕೆಳಗಿನಿಂದ ಎದ್ದಿತು. ಮೂರನೇ ಸಾಲಿಗೆ ಆಕೆ ಮೇಲೇರಲಿಲ್ಲ. ಮಾತಾಡಿದಷ್ಟು ಮೆತ್ತಗೆ ಹೇಳಿ ಮುಂದೆ ನಡೆದಳು. ಎರಡನೇ ಚರಣಕ್ಕೆ ಬಾಸ್ ಕೂಡಿಕೊಂಡಿತು. ಇಜಾಜ ಕೊನೆಯವರೆಗೂ ನುಡಿಸಲಿಲ್ಲ. ಯಾಕೆಂದು ಕೇಳಿದರೆ, ತನಗೆ ಜಾಗ ಇರಲಿಲ್ಲ ಎಂದ.

ದೀಪಾವಳಿಗೆ ಆಲ್ಬಮ್ ಹೊರಬಂತು. ಗದಗಿನಲ್ಲಿ ಒಂದು ಸಣ್ಣ ಕಾರ್ಯಕ್ರಮವೂ ಆಯಿತು. ಹಳೇ ಅಭಿಮಾನಿಗಳಲ್ಲಿ ಕೆಲವರು, ಹಾಡು ಕೆಡಿಸಿದಳು ಎಂದು ಮೂರನೇ ಹಾಡಿಗೇ ಎದ್ದರು. ಉಳಿದವರು ಕೊನೆತನಕ ಕೂತಿದ್ದರು. ಪಣಜಿಯಿಂದ ಒಂದು ಕರೆ ಬಂತು, ಧಾರವಾಡದಿಂದ ಎರಡು. ಶಿವಲಕ್ಷ್ಮಿಗೆ ಅದಕ್ಕಿಂತ ಲಕ್ಷ್ಮೇಶ್ವರಕ್ಕೆ ಹೋಗುವುದು ಮುಖ್ಯವಾಗಿತ್ತು. ಅಕ್ಕ ಸಾವಕ್ಕನಿಗೆ ಎಪ್ಪತ್ತೆಂಟು. ಹೆಣ್ಣು ನೋಡುವ ದಿನ ಬಂದವರಿಗೆ ಉಪ್ಪಿಟ್ಟು ಕೊಟ್ಟವಳು, ಆಮೇಲೆ ಆರ್ಕೆಸ್ಟ್ರಾ ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ಕೂತವಳು.

ಮಧ್ಯಾಹ್ನದ ಬಿಸಿಲು ಪಡಸಾಲಿಯ ಅರ್ಧಕ್ಕೆ ಬಂದಿತ್ತು. ಶಿವಲಕ್ಷ್ಮಿ ಏನೂ ಹೇಳದೆ ಫೋನಿನಲ್ಲಿ ಎಂಟನೇ ಹಾಡು ಹಚ್ಚಿ ಅಕ್ಕನ ಕೈಗೆ ಕೊಟ್ಟಳು. ಸಾವಕ್ಕ ಅದನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದಳು. ಮುಗಿದ ಮೇಲೆಯೂ ಕೈ ಇಳಿಸಲಿಲ್ಲ.

“ಅವ್ವ ಹಾಡಿದ್ದು ಇದರಾಗ ಹೆಂಗ ಬಂತು?” ಎಂದಳು.

ತಾಯಿ ಸತ್ತಾಗ ಶಿವಲಕ್ಷ್ಮಿಗೆ ನಾಲ್ಕು ವರ್ಷ. ಅವ್ವ ಹಾಡುತ್ತಿದ್ದಳೆಂದು ಯಾರೋ ಹೇಳಿದ್ದರು, ಅಷ್ಟೇ. ಆ ಧ್ವನಿ ನೆನಪಿರಲಿಲ್ಲ.

“ಅವ್ವಂದು ಹಿಂಗ ಇತ್ತೇನು?”

“ಜ್ವಾಳ ಬೀಸೂಮುಂದ ಹಿಂಗs. ದಪ್ಪ ಧ್ವನಿ. ಸಾಲಿನ ನಡುವ ನಿಂತು ಕಾಳು ಹಾಕಿ, ಮತ್ತ ಹಿಡೀತಿದ್ಲು.”

ಶಿವಲಕ್ಷ್ಮಿ ಅಕ್ಕನ ಹತ್ತಿರ ಸರಿದು ಕೂತಳು. ಅವ್ವ ಏನೇನು ಹಾಡುತ್ತಿದ್ದಳು ಎಂದು ಕೇಳಿದಳು. ಸಾವಕ್ಕ ಮೊದಲು ಎಲ್ಲ ಮರೆತಿದ್ದೇನೆ ಎಂದಳು, ಆಮೇಲೆ ಒಂದು ಸಾಲು ಹೇಳಿದಳು, ಅದರ ಬೆನ್ನಿಗೆ ಇನ್ನೊಂದು. ಬಿಸಿಲು ಗೋಡೆ ಹತ್ತುವ ತನಕ ಇಬ್ಬರೂ ಅಲ್ಲಿಂದ ಏಳಲಿಲ್ಲ.