ಬಂದರಿನ ಸೂರ್ಯ

"ಇಲ್ಲಿ ನೋಡವಾ ಮಯೂರಿ, ಸೂರ್ಯಾ ಈಗ ಹುಟ್ಟಾಕತ್ತಾನ," ಎಂದು ನೇಮಿನಾಥ ಸೊಸೆಗೆ ಪಡಸಾಲೆಯ ಚಿತ್ರ ತೋರಿಸುತ್ತಿದ್ದದ್ದು ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಸುಗಂಧಾಳ ಕಿವಿಗೆ ಬಿತ್ತು. ಬಿತ್ತು ಅಂದರೇನು, ಮುಳ್ಳಿನ ಹಾಗೆ ನೆಟ್ಟಿತು.

ನೂರೈವತ್ತು ವರ್ಷದ ಹಿಂದೆ ಯಾವನೋ ಬಿಳಿಯ ಬರೆದ ಬಂದರಿನ ಚಿತ್ರ. ತೆಂಗಿನ ಮರ, ಕೆಂಪು ನೀರು, ಹಾಯಿ ಹಡಗು, ದಂಡೆಯ ಮೇಲೆ ಮೂಟೆ ಹೊತ್ತ ಜನ. ತಂಬಾಕಿನ ವ್ಯಾಪಾರಿಯಾಗಿದ್ದ ನೇಮಿನಾಥನ ಅಜ್ಜ ಕೊಲ್ಲಾಪುರದ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ನಿಪ್ಪಾಣಿಗೆ ತಂದದ್ದು. ಬೀಗರಿಗೂ ದಲಾಲರಿಗೂ, ಕಡೆಗೆ ಗ್ಯಾಸಿನವನಿಗೂ ನೇಮಿನಾಥ ಅದರ ಅರ್ಥ ಹೇಳಿದ್ದ. ಹೆಂಡತಿಗೆ ಮಾತ್ರ ಇಡೀ ಸಂಸಾರದಲ್ಲಿ ಹೇಳಿದ್ದು ಒಂದೇ ಮಾತು: "ಧೂಳ ಝಾಡಿಸು."

"ಮಾವಾರ, ಆ ಮೂಟ್ಯಾಗ ಏನೈತ್ರಿ?"

"ನಮ್ಮ ನಿಪ್ಪಾಣಿ ತಂಬಾಕ! ವಿಲಾಯ್ತಿಗೆ ಹೊಂಟೈತಿ."

"ಕೊಬ್ಬರಿನೂ ಇರಬಹುದಲ್ರಿ?"

ಬೇರೆ ಯಾರಾದರೂ ಅಂದಿದ್ದರೆ ಮುದುಕ ಉರಿದು ಬೀಳುತ್ತಿದ್ದ. ಈಗ, "ಭಾಳ ಶಾಣ್ಯಾಕಿ ಅದೀಯವಾ!" ಎಂದು ಹೊಟ್ಟೆ ಹಿಡಿದು ನಕ್ಕ. ಆ ನಗು ತನ್ನ ಪಾಲಿಗೆ ಎಂದಾದರೂ ಬಂದಿತ್ತೇ? ಸುಗಂಧಾ ಹಿಟ್ಟನ್ನು ಮುಷ್ಟಿಯಲ್ಲಿ ಹಿಚುಕಿದಳು.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬೆಳಗಿನವರೆಗೆ ತುತ್ತಿಲ್ಲ. ಮಾತಿಗೆ ಕೂತರೆ ನೇಮಿನಾಥನಿಗೆ ಹೊತ್ತಿನ ಖಬರಿರುವುದಿಲ್ಲ. ದಿನಾ ಅವಳೇ ಕರೆಯಬೇಕು. ಎದುರಿನ ತಂಬಾಕು ತುಂಬಿಡುವ ವಖಾರದ ಚಾವಣಿಯ ತಗಡಿನಿಂದ ಬಿಸಿಲು ಜಾರುತ್ತಿತ್ತು. ಸುಗಂಧಾ ರೊಟ್ಟಿಗೆ ಬಟ್ಟೆ ಮುಚ್ಚಿದಳು, ಪಲ್ಯಕ್ಕೆ ತಟ್ಟೆ ಮುಚ್ಚಿದಳು, ತನ್ನ ಬಾಯನ್ನೂ ಮುಚ್ಚಿಕೊಂಡು ಮಣೆಯ ಮೇಲೆ ಕೂತಳು. ಹೇಳಲಿ, ಸೊಸೆಗೆ ಇನ್ನೂ ಹೇಳಲಿ.

ತಗಡು ಕಪ್ಪಾಯಿತು. ಹೊರಗೆ ಕುರ್ಚಿ ಕಿರುಗುಟ್ಟಿತು.

"ಅಯ್ಯಯ್ಯ, ಹೊತ್ತು ಮುಳಗ್ತಲ್ಲಾ! ಏ, ಯಾಕ ಕರೀಲಿಲ್ಲ?"

ಸುಗಂಧಾ ಬಾಗಿಲಿಗೆ ಬಂದಳು. "ಸೂರ್ಯಾ ಈಗ ಹುಟ್ಟಾಕತ್ತಾನ ಅಂತ ನೀವ ಹೇಳಾಕತ್ತಿದ್ರಲ್ರಿ. ಊಟಕ್ಕೇನ ಅವಸರಾ ಅಂತ ಸುಮ್ನಾದ್ನಿ."

ಮಯೂರಿ ಮೆಲ್ಲಗೆ, "ಅತ್ತಿಯಾರ, ನೀವೂ ಉಂಡಿಲ್ಲಲ್ರಿ," ಎಂದು ತಾನು ಕೂತಿದ್ದ ಬಾಕಿನ ಮೇಲೆ ಸರಿದು ಜಾಗ ಮಾಡಿದಳು.

ಸುಗಂಧಾ ಕೂಡಲೇ ಕೂರಲಿಲ್ಲ. ಕೂತಾಗಲೂ ತುದಿಯಲ್ಲೇ ಕೂತಳು. ನೇಮಿನಾಥ ಅವಳಿಗೆ ಚಿತ್ರದ ಕಡೆ ಕೈ ತೋರಿಸಿದ.

"ಹಂಗಾರ... ನಿನಗೇನ ಕಾಣತೈತಿ?"

ಇಷ್ಟು ವರ್ಷ ಒರೆಸಿದ ಗಾಜಿನ ಹಿಂದಿನ ಚಿತ್ರವನ್ನು ಅವಳು ಹೊಸದಾಗಿ ನೋಡಿದಳು.

"ಮೂಟಿ ಬಿಡ್ರಿ. ಹೊತ್ತವ್ರ ಮಾರಿ ನೋಡ್ರಿ. ಹಸದಾರ."

ಯಾರದೋ ಹೊಟ್ಟೆ ಗುರ್ ಎಂದಿತು. ಯಾರದೆಂದು ಯಾರೂ ಕೇಳಲಿಲ್ಲ.